ಲುಪಿನ್ ಗಿಡದ ಮೈಗೂದಲು

ಲುಪಿನ್ ಅನ್ನುವ ಗಿಡಕ್ಕೆ ಕನ್ನಡದಲ್ಲಿ ಹೆಸರಿಲ್ಲ. ನಮ್ಮ ಕಡೆ ಅದು ಬೆಳೆಯುವುದಿಲ್ಲ, ಬೆಳೆಯದ್ದಕ್ಕೆ ಹೆಸರು ಯಾಕೆ. ಅವರೆ, ತೊಗರಿ, ಹುರುಳಿಯ ಕುಲದ್ದೇ ಗಿಡ. ಮೊಣಕಾಲೆತ್ತರ, ತುದಿಯಲ್ಲಿ ನೀಲಿ ಹೂವಿನ ತೆನೆ, ಆಮೇಲೆ ಕಾಯಿ. ಮೈಸೂರಿನಲ್ಲಿ ಬಾಟನಿ ಎಂ.ಎಸ್ಸಿ. ಓದುವಾಗ ಪುಸ್ತಕದಲ್ಲಿ ಅದರ ಚಿತ್ರ ನೋಡಿದ್ದೆ. ಬಿಡಿಸಿದ ಅಂಗೈಯಂಥ ಎಲೆ, ಒಂದೇ ಜಾಗದಿಂದ ಹೊರಟ ಏಳೋ ಎಂಟೋ ಒಂಬತ್ತೋ ಕಿರುಎಲೆಗಳು. ಪರೀಕ್ಷೆಗೆ ಅಷ್ಟು ಗೊತ್ತಿದ್ದರೆ ಸಾಕಿತ್ತು.

ಮದುವೆಯಾಗಿ ಬಂದ ಮೊದಲ ವರ್ಷ ನಾವು ಮೇರಿಲ್ಯಾಂಡ್‌ನ ಕೊಲಂಬಿಯಾದಲ್ಲಿದ್ದೆವು. ತೊಂಬತ್ತರ ದಶಕದ ನಡುಭಾಗ ಅದು. ಒಂದು ಭಾನುವಾರ ಸುಮ್ಮನೆ ಡ್ರೈವ್ ಹೋದಾಗ ಹೈಟೆನ್ಷನ್ ತಂತಿಗಳ ಕೆಳಗೆ, ಮರ ಕಡಿದು ಬಯಲು ಮಾಡಿದ ಜಾಗದಲ್ಲಿ, ಆ ಗಿಡ ನಿಜವಾಗಿ ಕಂಡಿತು. ಕಾರು ನಿಲ್ಲಿಸಿ ಅಂದೆ. ನಮ್ಮನೆಯವರು ನಿಲ್ಲಿಸಿದರು. ಇಳಿದು ಕಿರುಎಲೆ ಎಣಿಸಿದೆ, ಪುಸ್ತಕದಲ್ಲಿದ್ದ ಹಾಗೇ ಇತ್ತು. ನನ್ನ ಡಿಗ್ರಿ ಈ ದೇಶದಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಡಿಪೆಂಡೆಂಟ್ ವೀಸಾದವಳು ಕೆಲಸ ಮಾಡುವ ಹಾಗಿರಲಿಲ್ಲ, ರಸ್ತೆ ಬದಿಯಲ್ಲಿ ಎಲೆ ಎಣಿಸಬಹುದಿತ್ತು.

ಅಲ್ಲಿಂದ ಸೌತ್ ಕ್ಯಾರೊಲೈನಾಕ್ಕೆ ಬಂದೆವು. ಆ ಕಡೆ ನೆಲವೆಲ್ಲ ಬಿಳಿ ಮರಳು, ಅದರ ಮೇಲೆ ಉದ್ದುದ್ದ ಪೈನ್ ಮರ. ಸಮುದ್ರ ಗಂಟೆಗಟ್ಟಲೆ ದೂರ ಇದ್ದರೂ ಮನೆ ಹಿಂದೆಯೇ ಬೀಚ್ ಇದ್ದ ಹಾಗೆ. ಬಂದ ಸ್ವಲ್ಪ ದಿನಕ್ಕೆ ನಾನು ಬಸುರಿಯಾದೆ. ಅಷ್ಟರಲ್ಲಿ ನಮ್ಮನೆಯವರ ಪ್ರಾಜೆಕ್ಟ್ ಅಟ್ಲಾಂಟಾಕ್ಕೆ ಹೋಯಿತು. ಡಾಕ್ಟರು, ಇನ್ಶೂರೆನ್ಸು ಎಲ್ಲ ಇಲ್ಲೇ ಇದ್ದದ್ದರಿಂದ ನಾನು ಇಲ್ಲೇ ಉಳಿದೆ. ಅವರು ಸೋಮವಾರ ಬೆಳಿಗ್ಗೆ ಹೋಗಿ ಶುಕ್ರವಾರ ಬರುತ್ತಿದ್ದರು.

ಜನವರಿಯಲ್ಲಿ ಬಾಣಂತನಕ್ಕೆ ನಮ್ಮತ್ತೆ ಬಂದರು. ನನಗೆ ತಾಯಿ ಇಲ್ಲ, ಅವರೇ ಬರಬೇಕಿತ್ತು. ಎರಡು ಸೂಟ್‌ಕೇಸ್ ತುಂಬ ಬಾಣಂತಿ ಸಾಮಾನು. ಬಜೆ, ಓಮ, ಒಣಶುಂಠಿ, ಹಳೇ ಪಂಚೆ ಹರಿದು ಹೊಲಿದ ಬಟ್ಟೆಗಳು. ಒಂದು ಸ್ಟೀಲ್ ಡಬ್ಬಿಯಲ್ಲಿ ನುಣ್ಣಗೆ ಜರಡಿ ಹಿಡಿದ ಕಡಲೆಹಿಟ್ಟು, ಕಸ್ತೂರಿ ಅರಿಶಿನ ಬೆರೆಸಿದ್ದು. ಹುಟ್ಟಿದ ಕೂಸಿನ ಮೈಯಲ್ಲಿ ಸಣ್ಣ ಕೂದಲಿರುತ್ತದಲ್ಲ, ದಿನಾ ಎಣ್ಣೆ ಹಚ್ಚಿ ಈ ಹಿಟ್ಟು ಹಾಕಿ ತಿಕ್ಕಿದರೆ ಅದು ಉದುರಿ ಮೈ ನುಣ್ಣಗಾಗುತ್ತದೆ. "ಅವರೆಕಾಯಿ ಸೀಸನ್‌ನಲ್ಲಿ ಮೈಸೂರು ಬಿಟ್ಟು ಬಂದಿದೀನಿ ಕಣೆ," ಅಂದರು ಏರ್‌ಪೋರ್ಟಿನಲ್ಲೇ. "ಈ ತ್ಯಾಗ ನಿನ್ನ ಮಗು ಮರೀಬಾರದು."

ಮಗು ಫೆಬ್ರವರಿಯಲ್ಲಿ ಹುಟ್ಟಿತು, ಜೀವವಿಲ್ಲದೆ. ಹೆಣ್ಣು. ಹಿಂದಿನ ದಿನ ಅಲುಗಾಟ ನಿಂತಿತ್ತು. ಆಸ್ಪತ್ರೆಗೆ ಹೋದರೆ, ಹೊಟ್ಟೆಯ ಮೇಲೆ ಆ ಯಂತ್ರ ಆಡಿಸುತ್ತ ಆಡಿಸುತ್ತ ಸ್ಕ್ಯಾನ್ ಮಾಡುವ ಹುಡುಗಿ ಮಾತು ನಿಲ್ಲಿಸಿದಳು. ಆಮೇಲೆ ನೋವು ಬರಿಸಿ ಹೆರಿಗೆ ಮಾಡಿಸಿದರು. ನರ್ಸ್ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು, ಎತ್ತಿಕೊಳ್ಳುತ್ತೀಯಾ, ಬೇಕಾದಷ್ಟು ಹೊತ್ತು ಇಟ್ಟುಕೋ ಅಂದಳು. ನಾನು ಗೋಡೆ ಕಡೆ ತಿರುಗಿದೆ. ನಮ್ಮನೆಯವರು ಬಾಗಿಲ ಹತ್ತಿರ ನಿಂತವರು ಅಲ್ಲೇ ನಿಂತಿದ್ದರು.

ನಮ್ಮತ್ತೆ ಎದ್ದು ಹೋಗಿ ಮಗುವನ್ನು ಇಸಿದುಕೊಂಡರು. ಅವರಿಗೆ ಬರುವ ಇಂಗ್ಲಿಷ್ ಅಷ್ಟಕ್ಕಷ್ಟೆ. "ವಾಟರ್," ಅಂದರು. "ಹಾಟ್. ಲಿಟಲ್ ಹಾಟ್." ನರ್ಸ್ ಬೇಸಿನ್‌ನಲ್ಲಿ ನೀರು ತಂದುಕೊಟ್ಟಳು. ಕಿಟಕಿ ಹತ್ತಿರ ಕುರ್ಚಿಯಲ್ಲಿ, ನನ್ನ ಕಡೆ ಬೆನ್ನು ಮಾಡಿ ಕೂತು, ಅವರು ಮಗುವಿಗೆ ಸ್ನಾನ ಮಾಡಿಸಿದರು. ನೀರಿನ ಸದ್ದು ಕೇಳುತ್ತಿತ್ತು. ನಾನು ಕೊನೆಗೆ ತಿರುಗಿದಾಗ ಕಂಡದ್ದು ಅವರ ಬೆನ್ನು, ಜರಿ ಇಲ್ಲದ ಹತ್ತಿ ಸೀರೆ, ಅಲುಗುವ ಮೊಣಕೈ. ಅಷ್ಟೇ. ಮಾರನೇ ದಿನ ನಮ್ಮನೆಯವರು ಸುತ್ತಿದ ಬಟ್ಟೆ ಬಿಚ್ಚದೆ ಮಣ್ಣು ಮಾಡಿ ಬಂದರು.

ಹಾಗಾಗಿ ನನ್ನ ಮಗಳನ್ನು ನೋಡಿದವರು ನಮ್ಮ ಮನೆಯಲ್ಲಿ ನಮ್ಮತ್ತೆ ಒಬ್ಬರೇ.

ಆಮೇಲಿನ ದಿನಗಳಲ್ಲಿ ನನಗೆ ಏನೂ ಅನಿಸುತ್ತಿರಲಿಲ್ಲ. ದುಃಖ ಅಂತ ಜನ ಹೇಳುತ್ತಾರೆ, ಅದು ಬಂದಿದ್ದರೆ ಗುರುತು ಹಿಡಿಯುತ್ತಿದ್ದೆ. ಬರಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇರುತ್ತದಲ್ಲ, ಕಚ್ಚಿಕೊಂಡರೂ ಗೊತ್ತಾಗದ ಹಾಗೆ, ಮೈಯೆಲ್ಲ ಹಾಗಿತ್ತು. ಮೇರಿಲ್ಯಾಂಡ್‌ನಿಂದ ಗೊತ್ತಿದ್ದ ಆಂಟಿಯರು ಫೋನ್ ಮಾಡಿ, ನೀನಿನ್ನೂ ಚಿಕ್ಕವಳು, ಇನ್ನೊಂದಾಗತ್ತೆ ಬಿಡು ಅನ್ನುತ್ತಿದ್ದರು. ಇನ್ನೊಂದು ಅನ್ನುವುದಕ್ಕೆ ಅದೇನು ಇಡ್ಲಿಯಾ ಅಂತ ಕೇಳಬೇಕೆನಿಸಿ, ಥ್ಯಾಂಕ್ಸ್ ಆಂಟಿ ಅನ್ನುತ್ತಿದ್ದೆ.

ನಮ್ಮತ್ತೆ ಮಾತ್ರ ಬಾಣಂತನ ಬಿಡಲಿಲ್ಲ. "ಕೂಸಿಲ್ದಿದ್ರೂ ಬಾಣಂತಿ ಬಾಣಂತೀನೇ. ನಿನ್ ಮೈಗೆ ಗೊತ್ತಾ, ಕೂಸು ಇದೆಯೋ ಇಲ್ವೋ ಅಂತ?" ಅಂದು ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ, ಬಾತ್‌ಟಬ್ಬಿನಲ್ಲಿ ಕೂರಿಸಿ, ಸುಡುಸುಡು ನೀರು ಹೊಯ್ಯುತ್ತಿದ್ದರು. ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟುತ್ತಿದ್ದರು. ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಎದೆಹಾಲು ನಿಲ್ಲಲು ಮಲ್ಲಿಗೆ ಹೂ ಕಟ್ಟಬೇಕು ಅಂದರು. ಸೌತ್ ಕ್ಯಾರೊಲೈನಾದಲ್ಲಿ ಮಲ್ಲಿಗೆ ಎಲ್ಲಿಂದ ತರುವುದು? ಎಲೆಕೋಸಿನ ಎಲೆ ಇಟ್ಟುಕೋ ಅಂತ ನರ್ಸ್ ಹೇಳಿದ್ದು ನೆನಪಾಯಿತು. ಅದನ್ನೇ ಇಟ್ಟರು. ನಾನು ಹೇಳಿದ ಹಾಗೆ ಕೂತೆ, ಎದ್ದೆ, ಉಂಡೆ.

"ಅತ್ತುಬಿಡು ಕಣೆ," ಅನ್ನುತ್ತಿದ್ದರು ಒಮ್ಮೊಮ್ಮೆ. "ಹೊಟ್ಟೇಲಿ ಇಟ್ಕೊಂಡ್ರೆ ಹುಣ್ಣಾಗತ್ತೆ." ಅಳು ಬರದೆ ಇದ್ದರೆ ನಾನೇನು ಮಾಡಲಿ. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು, "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ, ಮಾತಾಡ್ತಾಳೆ ಬಿಡಿ. ಆದ್ರೆ ನಾನು ಹೊರಡೋದರೊಳಗೆ ಆಡ್ಬೇಕಲ್ಲ." ಜೂನ್ ಮೊದಲ ವಾರಕ್ಕೆ ಅಟ್ಲಾಂಟಾದಿಂದ ಅವರ ಟಿಕೆಟ್ ಇತ್ತು.

ಅವರು ಕಾಯುತ್ತಿದ್ದ ಮಾತು ಯಾವುದು ಅಂತ ನನಗೆ ಗೊತ್ತಿತ್ತು. ಹೇಗಿದ್ದಳು ಅಂತ ನಾನು ಕೇಳಬೇಕಿತ್ತು. ಕೇಳದೆ ಹೇಳಬಾರದು ಅಂತ ಅವರು ತೀರ್ಮಾನಿಸಿದ್ದರು, ನನಗೆ ಬಾಯಿ ಬರುತ್ತಿರಲಿಲ್ಲ. ಅವರು ವಿಮಾನ ಹತ್ತಿದರೆ ಅವಳೂ ಅವರ ಜೊತೆಗೆ ಹೋದ ಹಾಗೆ. ಇಂಥದ್ದನ್ನು ಎಂಟು ಸಾವಿರ ಮೈಲಿ ದೂರದ ಫೋನ್ ಕಾಲ್‌ನಲ್ಲಿ ಕೇಳಲು ಆಗುತ್ತದೆಯೇ. ಇದೆಲ್ಲ ತಿಳಿದೂ ಸುಮ್ಮನಿದ್ದೆ.

ಬಾಣಂತನ ಮುಗಿದ ಮೇಲೆ ನಮ್ಮನೆಯವರು ಎಲ್ಲಿಂದಲೋ ವಿಚಾರಿಸಿಕೊಂಡು ಬಂದು, ಹತ್ತಿರದ ಕಾಲೇಜಿನಲ್ಲಿ ಹರ್ಬೇರಿಯಂ ಇದೆ, ವಾಲಂಟಿಯರ್ ಬೇಕಂತೆ, ಹೋಗಿ ಬಾ ಅಂದರು. ಸಂಬಳ ಇಲ್ಲದ್ದರಿಂದ ವೀಸಾದ ತಕರಾರಿಲ್ಲ. ಹರ್ಬೇರಿಯಂ ಅಂದರೆ ಗಿಡಗಳನ್ನು ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಕಬ್ಬಿಣದ ಬೀರುಗಳಲ್ಲಿ ಜೋಡಿಸಿಟ್ಟ ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದ ವಯಸ್ಸಾದ ಪ್ರೊಫೆಸರ್ ಹೆಂಗಸಿನದು ಮಾತು ಕಡಿಮೆ. ಅದೊಂದು ಪುಣ್ಯ. ಒಂದು ಕಟ್ಟು ಹಾಳೆ ನನ್ನ ಮುಂದೆ ಇಟ್ಟು, ಇವೆಲ್ಲ ಇಲ್ಲಿಯ ಕಾಡು ಲುಪಿನ್, ಬೆರೆತುಹೋಗಿವೆ, ಬೇರೆ ಮಾಡು ಅಂದರು.

ನಾನು ನೋಡಿ, ಇದು ಲುಪಿನ್ ಅಲ್ಲ ಅಂದೆ. ಅಂಗೈಯಂಥ ಎಲೆ ಎಲ್ಲಿ? ಒಂದೊಂದು ತೊಟ್ಟಿಗೆ ಒಂದೇ ಎಲೆ, ಅದೂ ಉದ್ದಕ್ಕೆ ಮಾವಿನ ಚಿಗುರಿನ ಹಾಗೆ. ಪ್ರೊಫೆಸರ್ ನಕ್ಕರು. ಮೇರಿಲ್ಯಾಂಡ್‌ನಲ್ಲಿ ನಾನು ನೋಡಿದ್ದು ಅಂಗೈ ಎಲೆಯ ಜಾತಿ, ಅದು ಇಲ್ಲಿಯೂ ಅಲ್ಲಲ್ಲಿ ಇದೆ. ಆದರೆ ಈ ಮರಳು ನೆಲದಲ್ಲಿ ಒಂಟಿ ಎಲೆಯ ಲುಪಿನ್ ಬೇರೆ ಇವೆ, ಎರಡು ಬಗೆ. ಒಂದಕ್ಕೆ ನೀಲಿ ಹೂ, ಅದರ ಮೇಲಿನ ದೊಡ್ಡ ಎಸಳಿನ ನಡುವೆ ಬಿಳಿ ಮಚ್ಚೆ. ಇನ್ನೊಂದಕ್ಕೆ ಗುಲಾಬಿ ಛಾಯೆಯ ಹೂ, ಮಚ್ಚೆ ಕಡುಗೆಂಪು.

ಹಾಗಾದರೆ ಸುಲಭ, ಹೂ ನೋಡಿದರಾಯಿತು ಅಂದುಕೊಂಡೆ. ಹಾಳೆಯಲ್ಲಿ ನೋಡಿದರೆ ಎಲ್ಲ ಹೂವಿಗೂ ಒಂದೇ ಬಣ್ಣ, ಕಾಫಿ ಡಿಕಾಕ್ಷನ್ ಚೆಲ್ಲಿ ಒಣಗಿದ ಹಾಗೆ. ಸತ್ತ ಹೂವಿನಲ್ಲಿ ಮೊದಲು ಹೋಗುವುದು ಬಣ್ಣ. ಉಳಿಯುವುದು ಗಿಡದ ಮೈಮೇಲಿನ ಕೂದಲು. ನೀಲಿ ಹೂವಿನದರ ಕೂದಲು ಗಿಡ್ಡ, ಮೈಗೆ ಅಂಟಿಕೊಂಡು ಒಂದೇ ದಿಕ್ಕಿಗೆ ಮಲಗಿರುತ್ತದೆ. ಗುಲಾಬಿಯದು ಉದ್ದ, ಕಾಂಡದಿಂದ ಎದ್ದು ನಿಂತು ಕೆದರಿಕೊಂಡಿರುತ್ತದೆ. ಇನ್ನೂ ಅನುಮಾನ ಇದ್ದರೆ ಎಲೆತೊಟ್ಟಿನ ಬುಡ ನೋಡಬೇಕು. ಕೆದರುಗೂದಲಿನ ಗಿಡಕ್ಕೆ ಅಲ್ಲಿ ಎರಡು ಉದ್ದನೆಯ ಹಸಿರು ಪಟ್ಟಿಗಳಿರುತ್ತವೆ, ಇನ್ನೊಂದಕ್ಕೆ ಇಲ್ಲವೇ ಇಲ್ಲ ಅನ್ನಬಹುದು.

ಆ ಕೆಲಸ ನನ್ನನ್ನು ಉಳಿಸಿತು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳು. ಕೂತೆ, ಲೆನ್ಸ್ ಹಿಡಿದೆ, ಮಲಗಿದ ಕೂದಲು ಎಡಕ್ಕೆ, ಎದ್ದ ಕೂದಲು ಬಲಕ್ಕೆ ಇಟ್ಟೆ. ಊಟದ ಡಬ್ಬಿ ತೆಗೆದು ತಿಂದೆ, ಮತ್ತೆ ಕೂತೆ. ಏಪ್ರಿಲ್‌ನಲ್ಲಿ ಹೊರಗೆ ಮರಳಲ್ಲಿ ಅವೇ ಗಿಡಗಳು ಹೂ ಬಿಟ್ಟವು. ಕಾಲೇಜಿಗೆ ನಡೆದು ಹೋಗುವಾಗ ದಾರಿ ಬದಿಯಲ್ಲಿ ನೀಲಿ ಕಾಣುತ್ತಿತ್ತು, ಗುಲಾಬಿ ಕಾಣುತ್ತಿತ್ತು. ನೋಡಿ ಮುಂದೆ ಹೋಗುತ್ತಿದ್ದೆ.

ಮೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಮನೆಗೆ ಬಂದರೆ ನಮ್ಮತ್ತೆ ಅಡುಗೆಮನೆಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮುಂದೆ ಪೇಪರ್ ಹಾಸಿ ಅದರ ಮೇಲೆ ಸಿಪ್ಪೆಯ ರಾಶಿ. ಪಕ್ಕದಲ್ಲಿ ಪಾತ್ರೆ ತುಂಬ ನೀರು, ನೀರಲ್ಲಿ ಕಾಳು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತುಕುತ್ತಿದ್ದರು, ಸಿಪ್ಪೆಯಿಂದ ಬೇಳೆ ಜಾರಿ ತಟ್ಟೆಗೆ ಬೀಳುತ್ತಿತ್ತು. ಹಿತುಕಿದ ಅವರೆಬೇಳೆ ಸಾರು ಅಂದರೆ ನನಗೆ ಪ್ರಾಣ ಅಂತ ಅವರಿಗೆ ಗೊತ್ತಿತ್ತು.

"ಎಲ್ಲಿತ್ತು ಅತ್ತೆ ಇದು?"

"ಇಲ್ಲೇ, ಹಿಂದ್ಗಡೆ ವಾಕಿಂಗ್ ಹೋಗ್ತೀನಲ್ಲ, ಆ ಮರಳಲ್ಲಿ. ರಾಶಿ ಬಿಟ್ಟಿದೆ, ಕೇಳೋರಿಲ್ಲ. ಇಲ್ಲಿಯವರಿಗೆ ತಿನ್ನೋಕೆ ಗೊತ್ತಿಲ್ಲ ಪಾಪ."

ನಾನು ಒಂದು ಸಿಪ್ಪೆ ಎತ್ತಿಕೊಂಡೆ. ಮೇಲೆಲ್ಲ ಉಣ್ಣೆಯಂಥ ಕೂದಲು. "ಇದು ಅವರೆ ಅಲ್ಲ. ವಿಷ ಇದು. ತಿಂದ್ರಾ ನೀವು? ಎಷ್ಟು ತಿಂದ್ರಿ?"

"ಒಂದು ಕಾಳು ಕಚ್ಚಿ ನೋಡ್ದೆ. ಕಹಿ ಇತ್ತು, ಉಗಿದುಬಿಟ್ಟೆ. ನೆನೆಹಾಕಿದ್ರೆ ಬಿಡತ್ತೆ ಅಂದ್ಕೊಂಡೆ."

"ಅವರೆಗೆ ಮೂರೆಲೆ ಇರತ್ತೆ. ತೊಗರಿಗೂ ಮೂರೆಲೆ. ಇದಕ್ಕೆ ಒಂದೇ ಎಲೆ ಇರ್ಲಿಲ್ವಾ? ನೋಡಬಾರದಾ ಅತ್ತೆ?"

"ಅವರೆಕಾಯಿ ಕೊಳ್ಳೋವಾಗ ಎಲೆ ಯಾರೇ ನೋಡ್ತಾರೆ? ಮೂಸಿ ನೋಡ್ತೀವಿ, ಸೊಗಡು ಇದ್ರೆ ತಗೋತೀವಿ. ಮೂಸಿದೆ, ಸೊಗಡಿರ್ಲಿಲ್ಲ. ಈ ದೇಶದಲ್ಲಿ ಯಾವುದಕ್ಕೆ ವಾಸನೆ ಇದೆ, ಇದಕ್ಕೂ ಇಲ್ಲ ಅಂದ್ಕೊಂಡೆ."

ಪಾತ್ರೆ, ತಟ್ಟೆ, ಸಿಪ್ಪೆ ಎಲ್ಲ ಎತ್ತಿಕೊಂಡು ಹೋಗಿ ಹೊರಗಿನ ಕಸದ ಡಂಪ್‌ಸ್ಟರಿಗೆ ಸುರಿದೆ. ಭಯವಾಗಿತ್ತು ನನಗೆ. ಫೆಬ್ರವರಿಯಿಂದ ನನಗೆ ಅನಿಸಿದ್ದು ಅಂದರೆ ಅದೇ ಮೊದಲು. ಇವರಿಗೇನಾದರೂ ಆಗಿದ್ದರೆ ಅವಳನ್ನು ನೋಡಿದವರು ಒಬ್ಬರೂ ಉಳಿಯುತ್ತಿರಲಿಲ್ಲ ಅಂತ ಡಂಪ್‌ಸ್ಟರ್ ಮುಂದೆ ನಿಂತು ಯೋಚಿಸಿದೆ. ಅತ್ತೆಯ ಜೀವದ ಬಗ್ಗೆ ಮೊದಲು ಯೋಚಿಸಬೇಕಿತ್ತು, ನನಗೆ ಬಂದದ್ದು ಇದು.

ವಾಪಸ್ ಬಂದಾಗ ಅವರು ಸಿಂಕ್ ಮುಂದೆ ನಿಂತು ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಮುಖ ಸಣ್ಣಗಾಗಿತ್ತು. "ನಂಗೆ ತೋರ್ಸು ನಾಳೆ," ಅಂದರು. "ದಿನಾ ಹೋಗಿ ಅಲ್ಲಿ ಏನು ನೋಡ್ತೀಯೋ ಅದನ್ನ. ಹೊರಡೋ ಮುಂಚೆ ನಂಗೂ ಗೊತ್ತಾಗ್ಲಿ."

ಮಾರನೇ ಬೆಳಿಗ್ಗೆ ಇಬ್ಬರೂ ಹೋದೆವು. ಅವರು ಸೀರೆಯ ಮೇಲೆ ಮಗನ ಸ್ವೆಟ್‌ಶರ್ಟ್, ಕಾಲಿಗೆ ಕ್ಯಾನ್ವಾಸ್ ಶೂ. ಹೂವೆಲ್ಲ ಮುಗಿದು ಕಾಯಿ ಒಣಗುವ ಕಾಲ, ಬಣ್ಣ ತೋರಿಸಿ ಹೇಳುವ ಹಾಗಿರಲಿಲ್ಲ. ಲೆನ್ಸ್ ಕೊಟ್ಟೆ. ಅವರ ಕಣ್ಣಿಗೆ ಪೊರೆ ಬಂದಿತ್ತು, ಊರಿಗೆ ಹೋದ ಮೇಲೆ ಆಪರೇಷನ್ ಆಗಬೇಕಿತ್ತು. ಹಿಂದೆ ಮುಂದೆ ಆಡಿಸಿ ನೋಡಿ ವಾಪಸ್ ಕೊಟ್ಟರು. "ಏನೂ ಕಾಣಲ್ಲ. ಮಂಜು."

"ಹಾಗಾದ್ರೆ ಮುಟ್ಟಿ ನೋಡಿ," ಅಂದೆ.

ಮರಳಲ್ಲಿ ಕೂತರು. ಮೊದಲು ನೀಲಿ ಜಾತಿಯ ಗಿಡದ ಕಾಂಡ ಕೈಗೆ ಕೊಟ್ಟೆ. ಬೆರಳಾಡಿಸಿ, "ನುಣ್ಣಗಿದೆ. ಇಸ್ತ್ರಿ ಮಾಡಿದ ರೇಷ್ಮೆ ಇದ್ದ ಹಾಗಿದೆ," ಅಂದರು. ಕೂದಲು ಇದೆ, ಮಲಗಿದೆ, ಅದಕ್ಕೇ ಹಾಗೆ ಅಂದೆ. ಪಕ್ಕದಲ್ಲೇ ಇನ್ನೊಂದು ಜಾತಿಯ ಗಿಡವೂ ಇತ್ತು. ಅದರ ಎಳೇ ಚಿಗುರು ಬಗ್ಗಿಸಿ ಹಿಡಿದೆ.

ಅವರ ಬೆರಳು ಕಾಂಡದ ಮೇಲೆ ಕೆಳಗಿನಿಂದ ಮೇಲಕ್ಕೆ ಬಂತು. ಅಲ್ಲೇ ನಿಂತಿತು. ಕಣ್ಣು ಮುಚ್ಚಿದ್ದರು. ಮತ್ತೆ ಒಂದು ಸಲ ಸವರಿದರು, ತುಂಬ ಮೆಲ್ಲಗೆ, ಗಿಡ ಮುಟ್ಟುವ ಹಾಗಲ್ಲ.

"ಏನತ್ತೆ?"

"ಏನಿಲ್ಲ."

ಪೈನ್ ಮರದ ಮೇಲೆ ಯಾವುದೋ ಹಕ್ಕಿ ಕುಟ್ಟುತ್ತಿತ್ತು. ಅವರು ಕೈ ತೆಗೆದಿರಲಿಲ್ಲ. ಈಗ ಕೇಳದಿದ್ದರೆ ಇನ್ನು ಕೇಳುವುದಿಲ್ಲ ಅಂತ ನನಗೆ ಅನ್ನಿಸಿತು.

"ಅವಳಿಗೆ ಹೀಗೆ ಕೂದಲಿತ್ತಾ?"

ಅವರು ಕಣ್ಣು ತೆರೆಯಲಿಲ್ಲ. "ಭುಜದ ಮೇಲಿತ್ತು. ಇಲ್ಲಿಂದ ಬೆನ್ನ ಮೇಲೆ ಇಲ್ಲಿವರೆಗೂ," ಅಂತ ಇನ್ನೊಂದು ಕೈಯಿಂದ ತಮ್ಮ ಭುಜ ಮುಟ್ಟಿ ತೋರಿಸಿದರು. "ಒದ್ದೆ ಬಟ್ಟೇಲಿ ಒರೆಸಿದಾಗ ಮಲಗ್ತಿತ್ತು, ಆರಿದ ಮೇಲೆ ಹೀಗೇ ಎದ್ದು ನಿಲ್ತಿತ್ತು."

"ತಲೇಲಿ?"

"ದಟ್ಟವಾಗಿತ್ತು. ಕಪ್ಪು. ಹಣೆವರ್ಗೂ ಇಳಿದಿತ್ತು."

"ಕೈ?"

"ಉದ್ದ ಬೆರಳು. ಉಗುರು ಬಂದಿತ್ತು, ಪೂರ್ತಿ. ಮುಷ್ಟಿ ಬಿಡಿಸಿ ಒಳಗೂ ಒರೆಸಿದೆ."

ಹಾಳೆಯ ಮೇಲಿನ ಗಿಡವನ್ನು ಕೇಳಿದ ಹಾಗೆ ಒಂದೊಂದಾಗಿ ಕೇಳಿದೆ. ಹುಬ್ಬು, ಮೂಗು, ಪಾದ. ಬೇರೆ ರೀತಿ ಕೇಳಲು ನನಗೆ ಬರುತ್ತಿರಲಿಲ್ಲ. ಅವರು ಒಂದಕ್ಕೂ ತಡವರಿಸಲಿಲ್ಲ. ಫೆಬ್ರವರಿಯಿಂದ ಇದನ್ನೆಲ್ಲ ನನಗಾಗಿ ಬಾಯಲ್ಲೇ ಇಟ್ಟುಕೊಂಡಿದ್ದರು.

"ಬಣ್ಣ?"

"ಬಣ್ಣ ಗೊತ್ತಾಗ್ಲಿಲ್ಲ ಕಣೆ," ಅಂದರು. "ಬಣ್ಣ ಹೋಗಿತ್ತು."

ನಾನು ಮರಳು ನೋಡುತ್ತ ಕೂತೆ. ಅವರು ಚಿಗುರನ್ನು ಬಿಟ್ಟು ಕೈ ಒರೆಸಿಕೊಂಡರು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಾನು ಹೆತ್ತವಳಲ್ಲ, ನನ್ನ ಮಾತು ನಂಬಬಹುದು. ಚೆನ್ನಾಗಿದ್ಲು. ಆ ಕೂದಲೊಂದು, ನಾಲ್ಕು ದಿನ ಹಿಟ್ಟು ಹಾಕಿ ತಿಕ್ಕಿದ್ರೆ ಹೋಗ್ತಿತ್ತು. ಇಷ್ಟು ಹೊತ್ತಿಗೆ ನುಣ್ಣಗಾಗ್ತಿದ್ಲು."

ಆಗ ಅಳು ಬಂತು. ಬಂದದ್ದು ಎಲ್ಲಿಂದ ಅಂತ ಗೊತ್ತಾಗಲಿಲ್ಲ, ನಿಲ್ಲಿಸುವುದು ಹೇಗೆ ಅಂತಲೂ ಗೊತ್ತಾಗಲಿಲ್ಲ. ನಮ್ಮತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು. ತುಂಬ ಹೊತ್ತಾದ ಮೇಲೆ, "ಬಿಸಿಲು ಏರ್ತಿದೆ, ಏಳು, ಮನೇಲಿ ಅನ್ನಕ್ಕೂ ಇಟ್ಟಿಲ್ಲ," ಅಂದರು.

ಅದಾದ ಮೇಲೆ ನಾನು ಗುಣವಾದೆ ಅಂತೇನಿಲ್ಲ. ಮಾರನೇ ದಿನ ಮತ್ತೆ ಮೈ ಅದೇ ಮರಗಟ್ಟಿದ ಹಾಗಿತ್ತು, ಇನ್ನೂ ಎಷ್ಟೋ ತಿಂಗಳು ಹಾಗೇ ಇತ್ತು. ಆದರೆ ಕೇಳಲು ಬಾಯಿ ಬಂದಿತ್ತು. ಪಾತ್ರೆ ತೊಳೆಯುವಾಗ, ಸೂಟ್‌ಕೇಸ್ ಕಟ್ಟುವಾಗ, ಮತ್ತೆ ಹೇಳಿ ಅತ್ತೆ ಅನ್ನುತ್ತಿದ್ದೆ, ಅವರು ಮೊದಲಿನಿಂದ ಹೇಳುತ್ತಿದ್ದರು. ಕಡಲೆಹಿಟ್ಟಿನ ಡಬ್ಬಿಯನ್ನು ವಾಪಸ್ ಒಯ್ಯಲಿಲ್ಲ. ಇಲ್ಲೇ ಇರಲಿ ಅಂದರು, ನಾನೂ ಬೇಡ ಅನ್ನಲಿಲ್ಲ.

ಅಟ್ಲಾಂಟಾ ಏರ್‌ಪೋರ್ಟಿಗೆ ಹೊರಟ ದಿನ ನಮ್ಮನೆಯವರು ಕಾರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ, ನಮ್ಮತ್ತೆ ಹಿಂದಿನ ಸೀಟಿನಲ್ಲಿ. ಜಾರ್ಜಿಯಾ ಗಡಿ ದಾಟಿದ ಮೇಲೆ, ಇನ್ನೊಂದೇ ಒಂದು ಸಲ ಹೇಳಿ ಅಂದೆ. ಅವರು ಶುರು ಮಾಡಿದರು. ಭುಜದ ಕೂದಲು, ಹಣೆಗಿಳಿದ ಜುಟ್ಟು, ಉದ್ದ ಬೆರಳು. ನಮ್ಮನೆಯವರ ಮುಂದೆ ಈ ಮಾತು ಬಂದದ್ದು ಅದೇ ಮೊದಲು ಅಂತ ನನಗೆ ಆಮೇಲೆ ಹೊಳೆಯಿತು. ಶುಕ್ರವಾರ ಬಂದು ಸೋಮವಾರ ಹೋಗುವ ಮನುಷ್ಯ, ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ತಿರುಗಿ ನೋಡಿದೆ. ಕಣ್ಣು ರಸ್ತೆಯ ಮೇಲೇ ಇತ್ತು. ನಾವು ತೆಗೆದುಕೊಳ್ಳಬೇಕಿದ್ದ ಎಕ್ಸಿಟ್ ದಾಟಿ ಹೋಯಿತು, ಅವರಿಗೆ ಗೊತ್ತಾಗಲಿಲ್ಲ, ನಾನು ಹೇಳಲಿಲ್ಲ.

"ಯಾರ ಥರ ಇದ್ಲಮ್ಮ?" ಅಂತ ಕೇಳಿದರು.

ನಮ್ಮತ್ತೆ ಸೀಟ್‌ಬೆಲ್ಟ್ ಸಡಿಲಿಸಿಕೊಂಡು ಮುಂದಕ್ಕೆ ಬಾಗಿದರು. ಕೈ ಚಾಚಿ, ಹಿಂದಿನಿಂದ, ಮಗನ ಬಲಗಿವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದರು.

"ಇದು ಹಾಗೇ ಇತ್ತು," ಅಂದರು.